ಮೂರು ಮೊಳದ ಪಗಡಿ

"ಇದು ಈಗ ತಲಿಗಿ ಸಾಲಂಗಿಲ್ಲಪಾ ಓಂಪ್ರಕಾಶ," ಎಂದಳು ವಿದ್ಯಾವತಿ ಕಾಕಿ. "ಕೊರಳಿಗಷ್ಟ ಸಾಲ್ತದ."

ಓಂಪ್ರಕಾಶ ನಕ್ಕುಬಿಟ್ಟ. ಸಣ್ಣಗೆ ಅಲ್ಲ, ಹೊಟ್ಟೆ ಕುಣಿಯುವ ಹಾಗೆ. ಕೋಟಮಾಳದ ವಾಡೆಯ ನಡುಮನೆಯಲ್ಲಿ ಅಷ್ಟು ಜೋರಾಗಿ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ ಏನೋ, ತೊಲೆಯ ಮೇಲಿನ ಪಾರಿವಾಳಗಳು ಗಾಬರಿಬಿದ್ದು ಹಾರಿದವು.

ಕಾಕಿ ತೊಡೆಯ ಮೇಲೆ ಹರವಿಕೊಂಡಿದ್ದುದು ಮನೆತನದ ಹಳೆಯ ಪಗಡಿಯ ಒಂದು ತುಂಡು ಬಟ್ಟೆ. ಒಂದು ಕಾಲಕ್ಕೆ ಕೆಂಪಗಿತ್ತಂತೆ. ಈಗ ಅದರ ಬಣ್ಣ ಒಣಗಿದ ಗಾಯದ ಹಕ್ಕಳೆಯದು. ಸಂದೂಕದಲ್ಲಿ ಬೇವಿನೆಲೆ, ಡಾಂಬರು ಗುಳಿಗೆ ಎಲ್ಲ ಹಾಕಿಟ್ಟಿದ್ದರೂ ಅದರಿಂದ ಏಳುತ್ತಿದ್ದುದು ಬೇರೆಯೇ ವಾಸನೆ. ಕಾಳು ತುಂಬಿಡುವ ನೆಲದ ಹಗೇವನ್ನು ವರ್ಷಗಟ್ಟಲೆ ಮುಚ್ಚಿಟ್ಟು ತೆರೆದಾಗ ಬರುವ, ಮುಗ್ಗಿದ ಜೋಳದ, ಉಸಿರು ಹಿಡಿಸುವ ವಾಸನೆ.

ಈ ತುಂಡೇ ಕೋಟಮಾಳದ ಸರದೇಶಮುಖಿ, ಸುತ್ತಲ ಸೀಮೆಯ ಯಜಮಾನಿಕೆ. ಇದು ಯಾರ ತಲೆಯ ಮೇಲಿದೆಯೋ ಅವನೇ ಸರದೇಶಮುಖ. ಬೇರೆ ಕಾಗದ ಪತ್ರ ಯಾವುದೂ ಇಲ್ಲ. ನಿಜಾಮ ಹೋದ, ಜಹಗೀರು ಹೋಯಿತು, ಬಿರುದು ಬಾವಲಿಗಳೆಲ್ಲ ರದ್ದಾದವೆಂದು ಸರಕಾರ ಹೇಳಿ ತಲೆಮಾರು ಕಳೆಯಿತು. ಆದರೆ ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಹರಡಿಕೊಂಡಿದ್ದ ನಲವತ್ತು ಮನೆಗಳ ಭಾವುಬಂದರಿಗೆ, ಅಂದರೆ ದಾಯಾದಿಗಳಿಗೆ, ಸರಕಾರದ ಮಾತು ಯಾತಕ್ಕೂ ಬೇಕಿರಲಿಲ್ಲ. ದಸರೆಯ ದಿನ ಕಟ್ಟೆಯ ಮೇಲೆ ಯಾರು ಕೂರಬೇಕು, ಮೊದಲ ಬನ್ನಿ ಯಾರ ಕೈಗೆ ಕೊಡಬೇಕು ಎಂಬುದೇ ಅವರಿಗೆ ಕಾನೂನು. ಮೂರು ತಿಂಗಳ ಹಿಂದೆ ಮಹಾರುದ್ರಪ್ಪ ಕಾಕಾ ತೀರಿಕೊಂಡ. ಮಕ್ಕಳಿಲ್ಲ. ರಕ್ತದಲ್ಲಿ ಅವನ ನಂತರದ ಹಿರಿಯ ಈ ಓಂಪ್ರಕಾಶ, ಹುಮನಾಬಾದಿನ ಹೆದ್ದಾರಿ ಪಕ್ಕದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವನು.

"ನಿಮ್ಮ ಕಾಕಾ ಸಾಯೂಮುಂದ ಹೇಳ್ಯಾರ," ಎಂದಳು ಕಾಕಿ. "ಈ ಮೂರು ಮೊಳಾನೂ ಸುಟ್ಟು ಹಗೇವಿನಾಗ ಹಾಕಿಬಿಡು, ದೇಶಮುಖಿ ನನ್ನ ಸಂಗಾಟ ಮುಗೀಲಿ ಅಂತ."

"ಸುಟ್ಟರ ನಾ ತಲಿಗಿ ಏನ ಸುತಗೋಬೇಕು ಕಾಕಿ?"

"ಏನೂ ಸುತಗೋಬ್ಯಾಡ. ಬರೇ ತಲೀಲೆ ಬದುಕು. ನಿಂಗೊಬ್ಬ ತಮ್ಮ ಅದಾನ, ಅವನ ಮಾರಿ ನೋಡು."

ಆಮೇಲೆ ಅವಳು ಹೇಳಿದ್ದು ಹನ್ನೆರಡು ತಲೆಮಾರಿನ ಹಿಂದಿನ ಮಾತು. ಅಣ್ಣ ತಮ್ಮ ಇಬ್ಬರು. ಪಗಡಿ ಅಣ್ಣನಿಗೆ ಬಂತು. ಪಗಡಿ ಸುತ್ತಿದ ದಿನವೇ ತಮ್ಮ ಅವನನ್ನು ಹಗೇವಿನ ಕೋಣೆಗೆ ಕರೆದೊಯ್ದು, ಅದೇ ಪಗಡಿ ಬಿಚ್ಚಿ ಕೊರಳಿಗೆ ಬಿಗಿದು ಕೊಂದ. ಹೆಣವನ್ನು ಹಗೇವಿಗೆ ನೂಕಿ, ಪಗಡಿ ತನ್ನ ತಲೆಗೆ ಸುತ್ತಿಕೊಂಡು ಹೊರಗೆ ಬಂದ. ಸತ್ತವನ ಹೆಂಡತಿ ಅಳಲಿಲ್ಲ. ಬಟ್ಟೆ ಕೊಡು, ಒಗೆದುಕೊಡುತ್ತೇನೆ ಎಂದಷ್ಟೇ ಕೇಳಿದಳು. ಏಳು ಅಮಾವಾಸ್ಯೆ ಅವಳು ಅದನ್ನು ಹಿಡಿದು ಹಗೇವಿನ ಬಾಯಲ್ಲಿ ಕೂತಳಂತೆ. ಯಾವ ರಕ್ತದಲ್ಲಿ ಅದ್ದಿದಳೋ, ಯಾವ ಬೂದಿ ತಿಕ್ಕಿದಳೋ, ಯಾರಿಗೆ ಏನು ಉಣಿಸಿದಳೋ ನೋಡಿದವರಿಲ್ಲ. ಮಾಟ ಮುಗಿದ ಮೇಲೆ ಮಡಿಕೆ ಹಾಕಿ ಮೈದುನನ ಕೈಗೆ ಕೊಟ್ಟಳು. "ಸುತಗೋ. ಇದನ್ನ ಸುತಗೊಂಡವನ ಕೈ ಒಡಹುಟ್ಟಿದವನ ಕೊರಳ ಹುಡುಕಲಿ," ಎಂದು ಹೇಳಿ ತಾನೂ ಆ ಹಗೇವಿಗೇ ಹಾರಿಕೊಂಡಳು.

ಮುಂದಿನವನು ತನ್ನ ತಮ್ಮನನ್ನು ಕೊಂದ. ಅವನ ಮುಂದಿನವನೂ ಕೊಂದ. ಕಡೆಗೆ ಯಾರೋ ಬಲ್ಲವರು ಒಂದು ಬದಲಿ ಹುಡುಕಿಕೊಟ್ಟರು. ಪಗಡಿ ಸುತ್ತಿದ ದಿನ ಅದರ ತುದಿಯಿಂದ ಮೂರು ಮೊಳ ಕಡಿದು, ಬೆಂಕಿ ಹಚ್ಚಿ ಹಗೇವಿಗೆ ಹಾಕುವುದು. ಒಂದು ಕೊರಳಿನ ಬದಲಿಗೆ ಮೂರು ಮೊಳ. ಪಗಡಿ ಇದ್ದದ್ದು ಮೂವತ್ತು ಮೊಳ. ಒಂಬತ್ತು ಸಲ ಕಡಿದಿದ್ದರು. ಉಳಿದದ್ದು ಇಷ್ಟು.

"ಎಲ್ಲಾ ಖರೇ ಅಂತ ಇಟಗೋ," ಎಂದ ಓಂಪ್ರಕಾಶ, ಕಣ್ಣೀರು ಒರೆಸಿಕೊಳ್ಳುತ್ತ. ನಕ್ಕು ಬಂದ ಕಣ್ಣೀರು ಅದು. "ಬಟ್ಟಿ ಕಮ್ಮಿ ಬಿತ್ತು, ಅಷ್ಟ ಅಲ್ಲ? ಜೋಡಿಸಿದ್ರಾತು."

ಕಾಕಿಯ ಮುಖ ಬಿಳುಚಿತು. "ಅದಕ್ಕ ಜೋಡಿಸಬ್ಯಾಡೋ," ಎಂದಳು. ಅವನು ಆಗಲೇ ಬಟ್ಟೆಯನ್ನು ಮಡಿಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದ.

ಓಂಪ್ರಕಾಶ ಕೆಟ್ಟವನಲ್ಲ, ಅದನ್ನು ಹೇಳಿಬಿಡಬೇಕು. ದಿನವಿಡೀ ಸರಳು, ಜಲ್ಲಿ, ಸಿಮೆಂಟಿನ ಮಾತಾಡುವವನಿಗೆ ತಕ್ಕಡಿಗೆ ಹತ್ತದ್ದು ಯಾವುದೂ ಇಲ್ಲವೇ ಇಲ್ಲ ಅನ್ನಿಸುತ್ತದೆ. ಮಾಟ, ದೆವ್ವ ಇವೆಲ್ಲ ಅವನ ತಕ್ಕಡಿಗೆ ಹತ್ತುತ್ತಿರಲಿಲ್ಲ. ಆದರೆ ಒಂದು ಇತ್ತು, ತೂಕಕ್ಕೆ ಸಿಗದೆ ಎದೆಯಲ್ಲಿ ಕೂತದ್ದು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ದಸರೆಗೆ ಅಪ್ಪನ ಜೊತೆ ಕೋಟಮಾಳಕ್ಕೆ ಹೋಗಿದ್ದ. ಕಿರಿಯ ಕವಲಿನವರು ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ನಿಂತೇ ಬನ್ನಿ ಕೊಡಬೇಕು. ಅಪ್ಪ ಯಾವುದೋ ಯೋಚನೆಯಲ್ಲಿ ಎರಡನೇ ಮೆಟ್ಟಿಲಿಗೆ ಕಾಲಿಟ್ಟ. ಮಹಾರುದ್ರಪ್ಪ ಕಾಕಾ ಕಟ್ಟೆಯ ಮೇಲಿಂದ ಬಾಗಿದ. ಬೆಳ್ಳಿಕಟ್ಟಿನ ಬಡಿಗೆಯ ತುದಿಯಿಂದ ಅಪ್ಪನ ಕಾಲಿನ ಹರಡನ್ನು ಮುಟ್ಟಿ, ಕೆಳಗೆ ಎಂಬಂತೆ ತೋರಿಸಿದ. ಊರೆಲ್ಲ ನೋಡಿತು. ಬಡಿಗೆ ಬರೀ ಮುಟ್ಟಿತ್ತು, ಪೆಟ್ಟಾಗಿರಲಿಲ್ಲ. ಆದರೂ ಅಪ್ಪ ಹುಮನಾಬಾದಿನ ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಕುಂಟುತ್ತಲೇ ನಡೆದ. ಆ ಕುಂಟುವಿಕೆಯನ್ನು ಓಂಪ್ರಕಾಶ ಮೂವತ್ತನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದಾನೆ. ಆ ಕಟ್ಟೆಯ ಮೇಲೆ ಒಂದೇ ಒಂದು ದಿನ ಕೂರಬೇಕು. ತಮ್ಮನನ್ನು ಮೆಟ್ಟಿಲು ಹತ್ತಿಸಿ, ಎಲ್ಲರ ಮುಂದೆ ಪಕ್ಕದಲ್ಲೇ ಕೂರಿಸಿಕೊಳ್ಳಬೇಕು. ಇಷ್ಟೇ ಅವನ ಆಸೆ.

ತಮ್ಮ ಬಸವಕಿರಣ ಹುಡಗಿ ಎಂಬ ಊರಿನಲ್ಲಿ ಶಾಲಾ ಮಾಸ್ತರ. ಅಣ್ಣನಿಗಿಂತ ಹದಿನಾಲ್ಕು ವರ್ಷ ಸಣ್ಣವನು. ಅವನಿಗೆ ಏಳು ತುಂಬುವುದರೊಳಗೆ ತಂದೆ ತಾಯಿ ಇಬ್ಬರೂ ಹೋದರು. ಉಣಿಸಿದವನು, ಮೀಯಿಸಿದವನು, ಚಳಿಗಾಲದ ಮುಂಜಾನೆ ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಓಂಪ್ರಕಾಶ. "ಜರಾ ಕೊರಳ ಎತ್ತೋ," ಎನ್ನುತ್ತ ಕಂದು ಮಫ್ಲರನ್ನು ಗಾಳಿ ಹೋಗದ ಹಾಗೆ ಸುತ್ತಿ, ಗಂಟಿನ ಮೇಲೆ ಒಂದು ಸಲ ತಟ್ಟಿ ಪೆಡಲು ತುಳಿಯುತ್ತಿದ್ದ.

ಅಣ್ಣ ತಮ್ಮ ಇಬ್ಬರೂ ಬಟ್ಟೆ ಹಿಡಿದುಕೊಂಡು ಬಸವಕಲ್ಯಾಣದ ಅಬ್ದುಲ್ ರಜಾಕನ ಅಂಗಡಿಗೆ ಹೋದರು. ರಜಾಕ್ ಚಾಚಾ ಮದುವೆಯ ಶೇರವಾನಿ ಹೊಲಿಯುವ ಮುದುಕ; ಅವನ ಕೈಯ ಹೊಲಿಗೆಯನ್ನು ಭೂತಗನ್ನಡಿ ಹಿಡಿದರೂ ಹುಡುಕಲಾಗದು ಎನ್ನುತ್ತಾರೆ. ಪಗಡಿ ಸುತ್ತುವ ದಿನಕ್ಕೆ ಒಡಹುಟ್ಟಿದವನು ಬಟ್ಟೆ ಉಡುಗೊರೆ ಕೊಡುವುದು ಪದ್ಧತಿ. ಬಸವಕಿರಣ ಹದಿನೆಂಟು ಮೊಳ ಕೇಸರಿ ಬಟ್ಟೆ ತಂದಿದ್ದ, ಆಹೇರಿ ಎಂದು. ಓಂಪ್ರಕಾಶನ ಲೆಕ್ಕ ಸರಳ. ಹಳೆಯ ಮೂರು ಮೊಳ ಒಳಸುತ್ತಿಗೆ ಬರಲಿ, ಸುತ್ತುವ ಮುಂಚೆ ಭಾವುಬಂದರು ನೋಡಿ ಒಪ್ಪಲಿ. ಹೊರ ತುದಿಗೆ ಹೊಸದು ಇರಲಿ. ಕಡಿದು ಸುಡುವುದಿದ್ದರೆ ಆ ಹೊಸದರಲ್ಲೇ ಮೂರು ಮೊಳ ಕಡಿದರಾಯಿತು. ಹಳೆಯದು ಉಳಿಯುತ್ತದೆ, ದೇಶಮುಖಿಯೂ ಉಳಿಯುತ್ತದೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ರಜಾಕ್ ಚಾಚಾ ಮೂರು ಸಲ ಮಶೀನು ತುಳಿದ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಸೇಠ್, ಈ ಅರಿವಿ ದಾರ ನುಂಗಾಕತ್ತದ."

"ನುಂಗತದ ಅಂದ್ರ?"

"ಅಂದ್ರ ನುಂಗತದ. ಒಂದು ರೀಲು ಪೂರಾ ಹೋತು. ಹೊಲಿಗಿ ಕಾಣವಲ್ದು. ಆದ್ರ ಜಗ್ಗಿ ನೋಡ್ರಿ, ಬಿಚ್ಚಂಗಿಲ್ಲ."

ಜಗ್ಗಿ ನೋಡಿದರು. ಕೇಸರಿ ಮುಗಿದು ಕಂದುಗೆಂಪು ಶುರುವಾಗುವಲ್ಲಿ ದಾರವೇ ಇರಲಿಲ್ಲ. ಎರಡೂ ಒಂದೇ ಮಗ್ಗದಲ್ಲಿ ನೇಯ್ದಂತೆ ಕೂಡಿಕೊಂಡಿದ್ದವು. ಚಾಚಾ ಎದ್ದುಹೋಗಿ ಹಿತ್ತಲಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ಕೈ ತೊಳೆದ, ಮತ್ತೆ ತೊಳೆದ.

ಬಸವಕಿರಣನಿಗೆ ಎಲ್ಲವೂ ತಮಾಷೆ. ಹಳೆಯ ತುದಿಯನ್ನು ಎತ್ತಿ ತನ್ನ ಕೊರಳಿಗೆ ಸುತ್ತಿಕೊಂಡ. "ನೋಡಣ್ಣಾ, ನಿನ್ನ ಮಫ್ಲರ್," ಎಂದು ಕೊರಳು ಎತ್ತಿ ತೋರಿಸಿದ. ಓಂಪ್ರಕಾಶನಿಗೂ ನಗೆ ಬಂತು. ಬಟ್ಟೆ ತೆಗೆದಾಗ ಮಾತ್ರ ನಗೆ ನಿಂತಿತು. ತಮ್ಮನ ಕೊರಳ ಸುತ್ತ ಹಗ್ಗ ಎಳೆದಂತೆ ಕೆಂಪು ಗೆರೆ ಎದ್ದಿತ್ತು. ಹಳೆ ಬಣ್ಣಕ್ಕೆ ಚರ್ಮ ಎದ್ದಿರಬೇಕು ಎಂದುಕೊಂಡ. ಮೆಡಿಕಲ್ ಅಂಗಡಿಯಲ್ಲಿ ಮುಲಾಮು ಕೊಡಿಸಿದ.

ಇನ್ನೊಂದು ಕೆಲಸ ಉಳಿದಿತ್ತು. ಪಗಡಿಯ ತುದಿ ಕಡಿಯುತ್ತಿದ್ದುದು ಕೋಟಮಾಳದ ಹೊಲೆಗೇರಿಯ ಒಂದೇ ಮನೆತನದವರು. ಆ ಮನೆಯವರು ಬೌದ್ಧರಾಗಿ, ಊರು ಬಿಟ್ಟು ಮಂಠಾಳದಲ್ಲಿ ನೆಲೆಸಿ ಬಹಳ ವರ್ಷವಾಗಿತ್ತು. ಮನೆಯ ಮಗ ಮಚ್ಚೇಂದ್ರ ಕಬ್ಬು ಕಡಿದು, ಟ್ರ್ಯಾಕ್ಟರಿನಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಸಾಗಿಸುವವನು. ಓಂಪ್ರಕಾಶ ಹೋದಾಗ ಅವನು ಅಂಗಳದಲ್ಲಿ ಕೊಯ್ತಾ ಮಸೆಯುತ್ತಿದ್ದ. ಒಂದು ಏಟಿಗೆ ಮೂರು ಕಬ್ಬು ಉರುಳಿಸುವ ಅಗಲ ಬಾಯಿಯ ಕತ್ತಿ ಅದು. ಪದ್ಧತಿಗೆ ಬೇಕು, ಒಂದು ತಾಸು ಬಂದು ಹೋಗು ಎಂದ ಓಂಪ್ರಕಾಶ.

"ನಮ್ಮ ಮಂದಿ ಕತ್ರಿ ಕೆಳಗಿಟ್ಟು ನಲವತ್ತು ವರ್ಷ ಆತ್ರಿ," ಎಂದ ಮಚ್ಚೇಂದ್ರ, ಕಲ್ಲಿನಿಂದ ಕಣ್ಣು ಎತ್ತದೆ. "ನೀವು ಪಗಡಿ ಕೆಳಗಿಡ್ರಿ."

ಒಳಗಿನಿಂದ ಅವನ ತಾಯಿ ಗಿರಿಜಾಬಾಯಿ ಬಂದಳು. ಕಡೆಯ ಸಲ ಬಟ್ಟೆ ಕಡಿದದ್ದು ಅವಳ ಮಾವ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಬಟ್ಟಿ ಜೋಡಿಸೀರಿ ಅಂತ ಕೇಳೀನಿ. ಜೋಡಿಸಿದ್ದು ಯಾರ ಬಟ್ಟಿ?"

"ನನ್ನ ತಮ್ಮ ತಂದದ್ದು."

"ಕಡದು ಹಾಕೂದು?"

"ಅದರಾಗಿಂದ."

ಗಿರಿಜಾಬಾಯಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. "ಯಪ್ಪಾ, ಯಾರ ಬಟ್ಟಿ ಹಗೇವಿಗಿ ಬೀಳ್ತದ, ಅದು ಅವರನ್ನ ಕರೀತದ. ಇಷ್ಟು ದಿನ ಬಿದ್ದದ್ದು ಆ ಸತ್ತವನ ಬಟ್ಟಿ. ಅವಂದು ಅವಗ ಹೋಗ್ತಿತ್ತು. ನೀವು ನಿಮ್ಮ ತಮ್ಮನ ಹೆಸರ ಬರದು ಹಾಕಾಕತ್ತೀರಿ."

ಓಂಪ್ರಕಾಶ ನಗಲು ನೋಡಿದ. ಈ ಸಲ ನಗೆ ಅರ್ಧಕ್ಕೇ ಉಳಿಯಿತು. ಆದರೆ ಆಮಂತ್ರಣ ಪತ್ರಿಕೆ ಹಂಚಿಯಾಗಿತ್ತು. ನಲವತ್ತು ಮನೆಯವರು ಬರುವವರಿದ್ದರು. ಹಿಂದೆ ಸರಿದರೆ, ಕಿರಿಯ ಕವಲಿನವನಿಗೆ ಕಟ್ಟೆ ಹತ್ತುವ ಎದೆ ಇರಲಿಲ್ಲ ಎನ್ನುತ್ತಾರೆ. ಅಪ್ಪನ ಕುಂಟು ನೆನಪಾಯಿತು. ಕಾರನ್ನು ಕೋಟಮಾಳದ ಕಡೆಗೆ ತಿರುಗಿಸಿದ.

ಸೋಮವಾರ ಮಟಮಟ ಮಧ್ಯಾಹ್ನ ಪಗಡಿ ಸುತ್ತುವ ಹೊತ್ತು. ವಾಡೆಯ ಅಂಗಳದಲ್ಲಿ ಶಾಮಿಯಾನ, ಹುಗ್ಗಿಯ ಕಂಪು, ಜರಿ ಶಾಲುಗಳ ಮುದುಕರು. ವಿದ್ಯಾವತಿ ಕಾಕಿ ಹೊರಗೆ ಬರಲಿಲ್ಲ. ಮೊದಲು ಮನೆತನದ ಹಿರಿಯನೊಬ್ಬ ಎಲ್ಲರ ಮುಂದೆ ಓಂಪ್ರಕಾಶನ ಎರಡೂ ಕೈ ಹಿಡಿದು ಬೆರಳು ಎಣಿಸಿದ. ಊನವಿದ್ದವನಿಗೆ ಈ ಗಾದಿ ಇಲ್ಲ. ಅದಕ್ಕೇ ಈ ಎಣಿಕೆ. "ಹತ್ತು, ಪೂರಾ," ಎಂದು ಕೂಗಿದ. ಬಸವಕಿರಣ ಅಣ್ಣನ ತಲೆಗೆ ಪಗಡಿ ಸುತ್ತಿದ. ಬೆಳ್ಳಿಕಟ್ಟಿನ ಬಡಿಗೆಯನ್ನು ಕೈಗೆ ಕೊಟ್ಟ. ತಮ್ಮನ ಕಣ್ಣು ತುಂಬಿದ್ದವು. "ಅಪ್ಪ ಇರಬೇಕಿತ್ತಣ್ಣಾ," ಎಂದ. ಓಂಪ್ರಕಾಶನ ಎದೆ ಉಬ್ಬಿತು. ಇಂಥ ಸುಖ ಅವನ ಜೀವನದಲ್ಲಿ ಇನ್ನೊಂದಿರಲಿಲ್ಲ.

ಕಡಿದು ಸುಡುವ ಕೆಲಸ ಒಳಗಿನ ಹಗೇವಿನ ಕೋಣೆಯಲ್ಲಿ. ಗಾದಿಯವನು, ಅವನ ಒಡಹುಟ್ಟಿದವನು, ಕಡಿಯುವವನು, ಮೂವರಷ್ಟೇ ಒಳಗೆ ಹೋಗಬೇಕು; ಈ ಸಲ ಕಡಿಯುವವನಿಲ್ಲ, ಅಣ್ಣ ತಮ್ಮ ಇಬ್ಬರೇ. ಬಾಗಿಲು ಹಾಕಿಕೊಂಡರು.

ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಣ್ಣಿಗೆ ಕೈ ಕಾಣದ ಕತ್ತಲು. ಬಸವಕಿರಣ ಕಂದೀಲು ಹಿಡಿದ. ಇಬ್ಬರೂ ಸೇರಿ ಕಬ್ಬಿಣದ ಉಂಗುರ ಹಿಡಿದು ಚಪ್ಪಡಿ ಸರಿಸಿದರು. ಮುಗ್ಗಿದ ಜೋಳದ ವಾಸನೆ ಮುಖಕ್ಕೆ ಅಪ್ಪಳಿಸಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಸಿಹಿಸಿಹಿ, ಸತ್ತ ಇಲಿಯದಂತೆ. ಹಿಂದಿನವರು ಹಗೇವಿಗೆ ಇಳಿಯುವ ಮುಂಚೆ ಒಳಗೆ ದೀಪ ಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಗಾಳಿ ಕೆಟ್ಟಿದೆ, ಇಳಿದವನು ಬದುಕುವುದಿಲ್ಲ. ಓಂಪ್ರಕಾಶ ಪಗಡಿಯ ಕೇಸರಿ ತುದಿಯನ್ನು ಮೊಳ ಹಾಕಿ ಮೂರು ಎಣಿಸಿ, ಅಂಗಡಿಯಿಂದ ತಂದ ಕತ್ತರಿಯಿಂದ ಕಡಿದ. ಕಡ್ಡಿ ಗೀರಿದ. ಬಟ್ಟೆ ಧಗ್ಗನೆ ಹತ್ತಿಕೊಂಡಿತು. ಹಗೇವಿಗೆ ಬಿಟ್ಟ.

ಅದು ತಳ ಮುಟ್ಟಲಿಲ್ಲ. ಅರ್ಧ ದಾರಿಯಲ್ಲಿ ನಿಂತಿತು, ಯಾರೋ ಕೈ ಚಾಚಿ ಹಿಡಿದುಕೊಂಡ ಹಾಗೆ. ಉರಿ ಆರಿತು. ಕತ್ತಲಲ್ಲಿ ಬಟ್ಟೆ ಮಡಿಕೆ ಹಾಕುವ ಸದ್ದು ಮೇಲಕ್ಕೆ ಬಂತು. ಸಾವಕಾಶ, ಒಂದೊಂದೇ ಮಡಿಕೆ.

"ಅಣ್ಣಾ," ಎಂದ ಬಸವಕಿರಣ. "ಒಳಗ ಯಾರೋ ಅದಾರ."

ಓಂಪ್ರಕಾಶನ ಪಗಡಿ ಬಿಗಿಯತೊಡಗಿತ್ತು. ಹಣೆ ಅದುಮಿತು. ಕಿವಿ ಅದುಮಿತು. ತಲೆಯೊಳಗೆ ಏನೋ ಕುಕ್ಕರಗಾಲಲ್ಲಿ ಕೂತುಕೊಂಡಿತು. ಕಣ್ಣು ಕೆಳಗೆ ಹೋಯಿತು. ಹಗೇವಿನ ಬಾಯಿಯ ಸುತ್ತ ಮೆಟ್ಟಿಲಿನಂತೆ ಎರಡು ಸುತ್ತು ಕಲ್ಲು. ತಾನು ನಿಂತಿದ್ದುದು ಎರಡನೆಯದರ ಮೇಲೆ. ತಮ್ಮನ ಕಾಲು ಕೂಡ ಅದೇ ಕಲ್ಲಿನ ಮೇಲಿತ್ತು.

ತನ್ನ ಸಮಕ್ಕೆ.

ಎಂಥ ಸಿಟ್ಟು ಬಂತು. ಹೊಟ್ಟೆಯಿಂದಲ್ಲ, ಅದಕ್ಕಿಂತ ಕೆಳಗಿನಿಂದ, ನೆಲದಿಂದ ಬಂತು. ಎರಡನೇ ಮೆಟ್ಟಿಲು. ಇವನು. ಎರಡನೇ ಮೆಟ್ಟಿಲ ಮೇಲೆ. ಬಡಿಗೆ ಎದ್ದಿತು. ಈ ಸಲ ಬರೀ ಮುಟ್ಟಲಿಲ್ಲ. ಬಸವಕಿರಣನ ಹರಡಿನ ಎಲುಬು ಲಟಕ್ಕನೆ ಮುರಿಯಿತು.

ಅವನು ಚೀರಿ ಬಿದ್ದ. ಕಂದೀಲು ಉರುಳಿತು. ಓಂಪ್ರಕಾಶ ಮತ್ತೆ ಹೊಡೆದ, ಮೊಣಕಾಲಿಗೆ, ಬೆನ್ನಿಗೆ. ಒಳಗೆಲ್ಲೋ ಅವನೇ ಕೂಗುತ್ತಿದ್ದ, ಬ್ಯಾಡ, ಬ್ಯಾಡ, ನನ್ನ ಕೂಸು ಅದು ಎಂದು. ಬಾಯಿ ತೆರೆಯಲಿಲ್ಲ. ಪಗಡಿ ತಾನಾಗಿ ಬಿಚ್ಚಿಕೊಂಡಿತು. ಕೇಸರಿ ಸುತ್ತುಗಳು ಹೆಗಲ ಮೇಲೆ ಜಾರಿದವು. ಹಳೆಯ ತುದಿ ಕೈಗೆ ಬಂತು. ಒದ್ದೆಯಾಗಿತ್ತು. ಬೆಚ್ಚಗಿತ್ತು.

ಕೈ ತಮ್ಮನ ಕೊರಳು ಹುಡುಕಿತು. ಕೆಂಪು ಗೆರೆ ಇದ್ದಲ್ಲೇ ಬಟ್ಟೆ ಕೂತಿತು. ಸುತ್ತು ಹಾಕಿತು. ಬಿಗಿಯಿತು. ಬಸವಕಿರಣನ ಕಾಲು ನೆಲ ಒದೆಯಿತು. ಉಗುರು ಓಂಪ್ರಕಾಶನ ಕೆನ್ನೆ ಬಗಿಯಿತು. ರಕ್ತ ಬಂತು. ಕಣ್ಣು ಹೊರಗೆ ಬಂದವು. ನಾಲಗೆ ಬಂತು. ಬಟ್ಟೆ ಓಂಪ್ರಕಾಶನ ಎರಡೂ ಮುಂಗೈಗೆ ಸುತ್ತಿಕೊಂಡಿತ್ತು. ಬಿಡಲು ನೋಡಿದ. ಬಿಡಲಾಗಲಿಲ್ಲ. ಬೆರಳು ತನ್ನವಲ್ಲ. ಕೈ ತನ್ನವಲ್ಲ.

ಬಾಗಿಲು ಒಡೆದು ಬಿತ್ತು. ಬೆಳಕಿನಲ್ಲಿ ಮಚ್ಚೇಂದ್ರ ನಿಂತಿದ್ದ, ಹೊಲದಿಂದ ನೇರ ಬಂದವನು, ಮೈಯೆಲ್ಲ ಕಬ್ಬಿನ ರವದಿ, ಕೈಯಲ್ಲಿ ಕೊಯ್ತಾ. ಹಿಂದೆ ವಿದ್ಯಾವತಿ ಕಾಕಿ. ಮಚ್ಚೇಂದ್ರನನ್ನು ತಾಯಿ ಗಿರಿಜಾಬಾಯಿ ಕಳಿಸಿದ್ದಳು. "ದೇಶಮುಖಿಗಿ ಬಂದಿಲ್ಲ," ಎಂದ ಅವನು ಯಾರಿಗೆಂದಿಲ್ಲದೆ. "ಈ ಮಾಸ್ತರನ ಜೀವಕ್ಕ ಬಂದೀನಿ."

ಕೊಯ್ತಾ ಬಟ್ಟೆಯ ಮೇಲೆ ಬಿತ್ತು. ಕಿಡಿ ಹಾರಿತು. ಕತ್ತಿಯ ಬಾಯಿ ಮುಕ್ಕಾಯಿತು. ಬಟ್ಟೆಯ ಒಂದು ಎಳೆಯೂ ಹರಿಯಲಿಲ್ಲ.

ತಮ್ಮನ ಒದೆತ ನಿಧಾನವಾಗುತ್ತಿತ್ತು. ಆಗ ಓಂಪ್ರಕಾಶನ ಗಂಟಲಿನಿಂದ ಮಾತು ಹೊರಬಿತ್ತು, ಹಲ್ಲು ಮುರಿದು ಹೊರಬಿದ್ದ ಹಾಗೆ.

"ಬಟ್ಟಿ ಅಲ್ಲೋ. ಕೈ ಕಡಿ."

ಮಚ್ಚೇಂದ್ರ ಅವನ ಮುಖ ನೋಡಿದ.

"ಕಡಿ ಅಂದೆ. ನನ್ನ ತಮ್ಮ ಅವನು. ಕಡಿ."

ಮೊದಲ ಏಟಿಗೆ ಬಲಗೈ ಮುಂಗೈಯಿಂದ ಹೋಯಿತು. ರಕ್ತ ಗೋಡೆಗೆ ಚಿಮ್ಮಿತು. ಎಡಗೈ ಇನ್ನೂ ಎಳೆಯುತ್ತಿತ್ತು. ಎರಡನೇ ಏಟಿಗೆ ಅದರ ನಾಲ್ಕು ಬೆರಳು ಕಲ್ಲಿನ ಮೇಲೆ ಉರುಳಿದವು. ಬಟ್ಟೆ ಸಡಿಲಾಯಿತು. ಬಸವಕಿರಣನ ಗಂಟಲಿಗೆ ಗಾಳಿ ಹೋದ ಸದ್ದು ಕೇಳಿಸಿತು, ತುಕ್ಕು ಹಿಡಿದ ಬೋರಿಂಗಿನ ಸದ್ದಿನಂತೆ. ಆ ಸದ್ದು ಕೇಳಿಯೇ ಓಂಪ್ರಕಾಶ ಕಣ್ಣು ಮುಚ್ಚಿದ.

ಹುಮನಾಬಾದಿನ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಎರಡು ದಿನ ಕಳೆದಿತ್ತು. ಭಾವುಬಂದರು ಮಚ್ಚೇಂದ್ರನ ಮೇಲೆ ಕೇಸು ಹಾಕಿಸಲು ಪೊಲೀಸರನ್ನು ಕರೆತಂದಿದ್ದರು. "ಕಡಿ ಅಂತ ನಾನೇ ಹೇಳೀನ್ರಿ," ಎಂದು ಓಂಪ್ರಕಾಶ ಬರೆಸಿದ. "ಅವ ಇರಲಿಲ್ಲಂದ್ರ ನಾ ಇವತ್ತು ಕೊಲೆಗಾರ." ಮೊದಲು ಕೇಳಿದ್ದು ತಮ್ಮನ ಸುದ್ದಿ. ಬದುಕಿದ್ದಾನೆ, ಕಾಲಿಗೆ ಪ್ಲಾಸ್ಟರು, ದನಿ ಹೋಗಿದೆ ಎಂದರು. ಓಂಪ್ರಕಾಶ ಅತ್ತ. ಒರೆಸಿಕೊಳ್ಳಲು ಕೈ ಇರಲಿಲ್ಲ, ನರ್ಸು ಒರೆಸಿದಳು. ಎರಡು ಕೈ ಕೊಟ್ಟು ತಮ್ಮನನ್ನು ಉಳಿಸಿಕೊಂಡೆ, ಸಸ್ತಾ ಆಯಿತು ಅಂದುಕೊಂಡ.

ಹತ್ತನೇ ದಿನ ಮಚ್ಚೇಂದ್ರ ಬಂದ. ಸ್ಟೂಲು ಎಳೆದುಕೊಂಡು ಕೂತ.

"ಬಟ್ಟಿ ಸುಟ್ಟಿರೇನು?" ಎಂದು ಓಂಪ್ರಕಾಶನೇ ಕೇಳಿದ.

"ಕೇಸರೀದು ಕಾಕಿ ಮತ್ತ ನಾ ಕೂಡಿ ಸುಟ್ಟೀವ್ರಿ."

"ಹಳೀದು?"

"ಅದು ಕೇಸರಿ ಬಿಟ್ಟು ತಾನ ಹರಕೊಂಡಿತ್ತು. ಕೋಣಿ ಪೂರಾ ಹುಡುಕಿದ್ವಿ, ಹಗೇವಿನಾಗೂ ದೀಪ ಬಿಟ್ಟು ನೋಡಿದ್ವಿ. ಸಿಗಲಿಲ್ಲ." ಮಚ್ಚೇಂದ್ರ ತಲೆ ತಗ್ಗಿಸಿದ. "ನಿಮ್ಮ ತಮ್ಮನ್ನ ಗಾಡಿಯಾಗ ಹಾಕೂಮುಂದ ಅವರ ಕೊರಳಾಗ ಇತ್ತು ಅಂತ ಕಾಣ್ತದ."

ಇಪ್ಪತ್ತನೇ ದಿನ ನಾಲ್ಕು ಗಂಟೆಗೆ, ಭೇಟಿಯ ಹೊತ್ತಿಗೆ, ಬಸವಕಿರಣ ಬಂದ. ಕಂಕುಳಲ್ಲಿ ಊರುಗೋಲು. ಕೊರಳಿಗೆ ಕಂದು ಮಫ್ಲರು. ಕುಂಟುತ್ತ ಬಂದು ಮಂಚದ ಅಂಚಿಗೆ ಕೂತ. ಆ ಕುಂಟು ಓಂಪ್ರಕಾಶನಿಗೆ ಗುರುತಿತ್ತು. ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಅಪ್ಪ ಹೀಗೇ ನಡೆದಿದ್ದ. ತಮ್ಮನ ದನಿ ಪಿಸುಮಾತಿಗಿಂತ ತುಸು ಹೆಚ್ಚು.

"ಭಾವುಬಂದರು ಮನಿಗಿ ಬಂದಿದ್ರಣ್ಣಾ. ತುಂಬಿದ ಗಾದಿ ಊನ ಆಗಿ ಖಾಲಿ ಬಿದ್ರ ಇಪ್ಪತ್ತೊಂದು ದಿನದಾಗ ಮತ್ತ ತುಂಬಬೇಕಂತ. ನಿಂಗ ಈಗ ನಡಿಯಂಗಿಲ್ಲಂತ."

ಓಂಪ್ರಕಾಶ ತನ್ನ ಬ್ಯಾಂಡೇಜು ನೋಡಿಕೊಂಡ. ಊನವಿದ್ದವನಿಗೆ ಗಾದಿ ಇಲ್ಲ. ಹಾಗಾದರೆ ತನ್ನ ನಂತರ ಯಾರು ಎಂಬುದು ಈಗಷ್ಟೇ ಹೊಳೆಯಿತು.

"ನಿನ್ನ ಬೆರಳ ಎಣಿಸಿದ್ರೇನು?"

"ಎಣಿಸಿದ್ರು."

"ಎಷ್ಟು?"

"ಹತ್ತು." ಬಸವಕಿರಣನ ಕಣ್ಣಿಂದ ನೀರು ಇಳಿಯತೊಡಗಿತು. "ಕಾಲಿಂದು ಮುರಿತ, ಕೂಡ್ತದ, ಊನ ಅಲ್ಲ ಅಂದ್ರು. ಕಾಕಿ ಬಾಗಿಲಿಗಿ ಅಡ್ಡ ಮಲಗಿದ್ಲು. ದಾಟಿ ಒಳಗ ಹೋದ್ರು. ನಾ ಬ್ಯಾಡಂದೆ, ಖರೇ ಬ್ಯಾಡಂದೆ. ದನಿನ ಬರಲಿಲ್ಲ. ಇವತ್ತ ಮುಂಜಾನೆ ಸುತ್ತಿದ್ರು. ಸಾಲ್ತು ಅಣ್ಣಾ. ತಲಿಗಿ ಬರೋಬರಿ ಸಾಲ್ತು."

ಕೋಣೆಯಲ್ಲಿ ಡೆಟ್ಟಾಲಿನ ವಾಸನೆ ಇತ್ತು. ಅದನ್ನು ತಳ್ಳಿಕೊಂಡು ಇನ್ನೊಂದು ಎದ್ದಿತು, ಮುಗ್ಗಿದ ಜೋಳದ್ದು. ತಮ್ಮನ ಮುಖ ಅಳುತ್ತಿತ್ತು. ತಮ್ಮನ ಕೈಗಳು ಅಳುತ್ತಿರಲಿಲ್ಲ. ಅವು ಅಂಗಿಯೊಳಗೆ ಹೋಗಿ, ಒಂದು ಮಡಿಕೆಯ ಬಟ್ಟೆ ಹೊರತೆಗೆದು, ಸಾವಕಾಶ ಬಿಚ್ಚುತ್ತಿದ್ದವು. ಒಂದೊಂದೇ ಮಡಿಕೆ.

"ನಿಲ್ಲವಲ್ವು ಅಣ್ಣಾ," ಎಂದ ಬಸವಕಿರಣ. "ಕೈ ನಿಲ್ಲವಲ್ವು."

ಗೊತ್ತು, ಎಂದ ಓಂಪ್ರಕಾಶ. ನರ್ಸನ್ನು ಕರೆಯುವ ಗುಂಡಿ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಕೂಗಿದರೆ ಜನ ಬರುತ್ತಾರೆ. ತಮ್ಮನನ್ನು ಹಿಡಿಯುತ್ತಾರೆ. ಬಟ್ಟೆಯನ್ನು ಕಡಿಯಲು ನೋಡುತ್ತಾರೆ, ಅದು ಹರಿಯುವುದಿಲ್ಲ. ಆಮೇಲೆ ತಮ್ಮನ ಈ ಹತ್ತು ಬೆರಳು ಕೂಡ ನೆಲದ ಮೇಲೆ ಉರುಳುತ್ತವೆ. ಸಿಮೆಂಟಿನವನ ತಲೆ ಕಡೆಯ ಸಲ ಲೆಕ್ಕ ಹಾಕಿತು. ಮೂರು ಮೊಳ ಉಳಿದಿದೆ. ಒಂದು ಕೊರಳಿನಷ್ಟು.

"ಇದು ಕಡೀ ತುಂಡು," ಎಂದ. "ನನ್ನ ಸಂಗಾಟ ಇದನ್ನೂ ಸುಟ್ಟುಬಿಡು. ಅದರ ಪಾಲು ಅದಕ್ಕ ಸಿಕ್ಕಿರ್ತದ, ಆವಾಗ ಸುಡಾಕ ಬಿಡ್ತದ. ನಿನ್ನ ಮಕ್ಕಳಿಗಿ ಇಡಬ್ಯಾಡ. ಸುಡತೀ?"

ಬಸವಕಿರಣ ತಲೆ ಆಡಿಸಿದ. ಮೂಗಿನಿಂದ, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಏಳು ವರ್ಷದವನಾಗಿದ್ದಾಗ ಸುರಿಯುತ್ತಿದ್ದ ಹಾಗೆ. ಬಟ್ಟೆ ಪೂರಾ ಬಿಚ್ಚಿಕೊಂಡಿತ್ತು.

"ಅಣ್ಣಾ," ಎಂದ ಅವನು. "ಜರಾ ಕೊರಳ ಎತ್ತು."

ಓಂಪ್ರಕಾಶ ಕೊರಳು ಎತ್ತಿದ.